ಹಳೆಯ ಫ್ರಿಜ್ಜಿನಲ್ಲಿ ಹುದುಗಿನ ಪೆಟ್ಟಿಗೆ: ಯಾವ ಫ್ರಿಜ್, ಯಾವ ನಿಯಂತ್ರಕ?

ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಕೊಂಬುಚಾ (ಸಿಹಿ ಚಹಾವನ್ನು ಹುದುಗಿಸಿ ಮಾಡುವ ಹುಳಿ ಪಾನೀಯ) ಜಾಡಿ ನಾಲ್ಕೈದು ದಿನಗಳಲ್ಲಿಯೇ ಬಾಯಿಗಿಡಲಾರದಷ್ಟು ಹುಳಿಯಾಗಿಬಿಡುತ್ತದೆ. ಅದೇ ಅಳತೆಯ ಚಹಾ ಮತ್ತು ಸಕ್ಕರೆ ಹಾಕಿದ ಜಾಡಿಯನ್ನು ಜುಲೈ ತಿಂಗಳ ಜಡಿಮಳೆಯಲ್ಲಿ ಬೆಳಗಾವಿಯ ಟಿಳಕವಾಡಿಯ ಮನೆಯೊಂದರಲ್ಲಿ ಇಟ್ಟರೆ ಹತ್ತು ದಿನ ಕಳೆದರೂ ಸಕ್ಕರೆ ನೀರಿನ ರುಚಿ ಬಿಟ್ಟಿರುವುದಿಲ್ಲ. ಎರಡೂ ಊರುಗಳ ನಡುವೆ ಇರುವುದು ಸುಮಾರು 200 ಕಿಲೋಮೀಟರ್ ದೂರವಷ್ಟೇ ಆದರೂ, ಹುದುಗಿನ ಮಟ್ಟಿಗೆ ಅವು ಎರಡು ಬೇರೆ ನಾಡುಗಳೇ ಸರಿ. ಕೊಂಬುಚಾ, ಹಸಿಶುಂಠಿಯ ನೊರೆಪಾನೀಯ, ಇಡ್ಲಿ ಹಿಟ್ಟು, ಮೊಸರು ಇವುಗಳನ್ನು ವರ್ಷವಿಡೀ ಒಂದೇ ಹದದಲ್ಲಿ ಮಾಡಬೇಕೆನ್ನುವವರು ಕೊನೆಗೆ ಒಂದು ಹಳೆಯ ಫ್ರಿಜ್ಜಿನ ಕಡೆಗೆ ನೋಡುತ್ತಾರೆ. ಗುಜರಿಯಲ್ಲಿ ಸಿಗುವ ಫ್ರಿಜ್ಜುಗಳೆಲ್ಲವೂ ಈ ಕೆಲಸಕ್ಕೆ ಒದಗುವುದಿಲ್ಲ. ಯಾವುದು ಒದಗುತ್ತದೆ, ಯಾವುದು ಒದಗುವುದಿಲ್ಲ, ಏಕೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇಂಥ ಪೆಟ್ಟಿಗೆಯ ಉಪಾಯ ಬಂದದ್ದು ಮನೆಯಲ್ಲಿ ಬಿಯರ್ ತಯಾರಿಸುವ ಹೊರದೇಶಗಳ ಹವ್ಯಾಸಿಗಳಿಂದ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್, ಲಾಗರ್ ಬಗೆಗೆ 8ರಿಂದ 13 ಡಿಗ್ರಿ ಬೇಕಾಗುತ್ತದೆ. ಹುದುಗುವಾಗ ಯೀಸ್ಟು ತಾನೂ ಶಾಖವನ್ನು ಹೊರಹಾಕುವುದರಿಂದ ಪಾತ್ರೆಯೊಳಗಿನ ದ್ರವ ಹೊರಗಿನ ಗಾಳಿಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಆದರೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧವಾಗಿದ್ದು, ಮನೆಬಳಕೆಗೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಸುತ್ತಲೆಲ್ಲ ದ್ರಾಕ್ಷಿ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದಾದ್ದರಿಂದ ಇಷ್ಟು ಹೇಳಿದೆ. ಮುಂದಿನದೆಲ್ಲ ಕೊಂಬುಚಾ, ಶುಂಠಿ ಪಾನೀಯ, ಹಿಟ್ಟು ಮತ್ತು ಮೊಸರಿಗೆ ಸಂಬಂಧಿಸಿದ್ದು.

ಬೇಕಾದ ಉಷ್ಣತೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ. ಕೊಂಬುಚಾಕ್ಕೆ 24ರಿಂದ 28 ಡಿಗ್ರಿ, ಇಡ್ಲಿ ಹಿಟ್ಟಿಗೆ 28ರಿಂದ 32, ಗಟ್ಟಿ ಮೊಸರಿಗೆ 40ರ ಆಸುಪಾಸು ಸಾಕು. ಇವುಗಳಲ್ಲಿ ಒಂದಕ್ಕೂ ಫ್ರಿಜ್ಜಿನ 4 ಡಿಗ್ರಿ ಬೇಡ ಎಂಬುದೇ ಈ ವ್ಯವಹಾರದ ತಿರುಳು. ಫ್ರಿಜ್ಜಿನೊಳಗಿನ ಮೂಲ ಥರ್ಮೋಸ್ಟಾಟನ್ನು ಯಾವ ಅಂಕಿಗೆ ತಿರುಗಿಸಿದರೂ ಅದು ಒಳಗನ್ನು 25 ಡಿಗ್ರಿಯಲ್ಲಿ ನಿಲ್ಲಿಸಲಾರದು; ಅದರ ಕೊಳವೆ ಫ್ರೀಜರ್ ತಟ್ಟೆಗೆ ಅಂಟಿಕೊಂಡು ಆ ತಟ್ಟೆಯ ಚಳಿಯನ್ನಷ್ಟೇ ಅಳೆಯುತ್ತದೆ. ಆದುದರಿಂದ ಹೊರಗಿನಿಂದ ಒಂದು ನಿಯಂತ್ರಕವನ್ನು ತಂದು, ಅದು ಹೇಳಿದಾಗ ಮಾತ್ರ ಫ್ರಿಜ್ಜಿಗೆ ವಿದ್ಯುತ್ ಹೋಗುವಂತೆ ಮಾಡಬೇಕಾಗುತ್ತದೆ.

ಫ್ರಿಜ್ ಕೊಳ್ಳುವ ಮುನ್ನ

ವಿಜಯಪುರ ಮತ್ತು ಬಾಗಲಕೋಟೆಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದೆಯೂ ಒಂದು ಮಟ್ಟದ ಕೆಲಸ ನಡೆಯುತ್ತದೆ. ಒಣ ಹವೆಯಲ್ಲಿ ಜಾಡಿಗೆ ಒದ್ದೆ ಗೋಣಿಚೀಲ ಸುತ್ತಿ, ನೀರು ತುಂಬಿದ ಪರಾತದಲ್ಲಿ ನಿಲ್ಲಿಸಿ, ಗಾಳಿ ಆಡುವ ಕಡೆ ಇಟ್ಟರೆ 38 ಡಿಗ್ರಿಯ ಕೋಣೆಯಲ್ಲಿಯೂ ಒಳಗಿನ ಚಹಾ 8ರಿಂದ 10 ಡಿಗ್ರಿಯಷ್ಟು ತಂಪಾಗಿ ಉಳಿಯುತ್ತದೆ. ಗಡಿಗೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ವರ್ಷಕ್ಕೆ ಎರಡು ತಿಂಗಳು ಮಾತ್ರ ತೊಂದರೆ ಇರುವವರಿಗೆ, ಒಂದೇ ಜಾಡಿ ಇಡುವವರಿಗೆ, ಇದು ಸಾಕು ಎಂದೇ ನನ್ನ ಅಭಿಪ್ರಾಯ. ಬೆಳಗಾವಿಯಲ್ಲಿ ಈ ಉಪಾಯ ಮಳೆಗಾಲದಲ್ಲಿ ಕೆಲಸ ಮಾಡುವುದಿಲ್ಲ, ಆದರೆ ಆಗ ಅಲ್ಲಿ ತಂಪಿನ ಅಗತ್ಯವೂ ಇರುವುದಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜಾಡಿಯ ಪಕ್ಕಕ್ಕೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಡುವುದು ಇನ್ನೊಂದು ದಾರಿ. ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಬಾಟಲಿ ಬದಲಿಸಬೇಕು, ಊರಿಗೆ ಹೋದ ದಿನ ಎಲ್ಲವೂ ಕೆಡುತ್ತದೆ. ಕಾರಿನಲ್ಲಿಡುವ, ಕಂಪ್ರೆಸರ್ ಇಲ್ಲದೆ ವಿದ್ಯುತ್ ಬಿಲ್ಲೆಯಿಂದ ತಂಪು ಮಾಡುವ ಪೆಲ್ಟಿಯರ್ ತಂತ್ರದ ಪುಟ್ಟ ಫ್ರಿಜ್ಜುಗಳು ನೋಡಲು ಅನುಕೂಲಕರವಾಗಿ ಕಂಡರೂ ಅವುಗಳ ಶಕ್ತಿ ಬಹಳ ಕಡಿಮೆ, ದೊಡ್ಡ ಜಾಡಿ ಅವುಗಳೊಳಗೆ ಹಿಡಿಯುವುದೂ ಇಲ್ಲ.

ನಾಲ್ಕು ಬಗೆಯ ಹಳೆಯ ಫ್ರಿಜ್ಜುಗಳು

ಮಾರಾಟಕ್ಕೆ ಬರುವ ಹಳೆಯ ಫ್ರಿಜ್ಜುಗಳನ್ನು ನಾಲ್ಕು ಬಗೆಯಾಗಿ ನೋಡಬಹುದು: ಒಂದು ಬಾಗಿಲಿನ ಸಾದಾ ಫ್ರಿಜ್, ಎರಡು ಬಾಗಿಲಿನ ಫ್ರಾಸ್ಟ್ ಫ್ರೀ (ಬರ್ಫವನ್ನು ತಾನೇ ಕರಗಿಸಿಕೊಳ್ಳುವಂಥದ್ದು), ಮೇಲಿನಿಂದ ತೆರೆಯುವ ಡೀಪ್ ಫ್ರೀಜರ್, ಅಂಗಡಿಗಳಲ್ಲಿ ತಂಪು ಪಾನೀಯ ಇಡುವ ಗಾಜಿನ ಬಾಗಿಲಿನ ಕೂಲರ್.

ನನ್ನ ಆಯ್ಕೆ ನಿಸ್ಸಂಶಯವಾಗಿ ಮೊದಲನೆಯದು, ಅದರಲ್ಲೂ 165ರಿಂದ 200 ಲೀಟರಿನ, ಡಿಸ್‌ಪ್ಲೇ ಇಲ್ಲದ, ಫ್ರೀಜರ್ ಕೆಳಗೆ ತಿರುಗಿಸುವ ಗುಂಡಿ ಮತ್ತು ಅದರ ನಡುವೆ ಬರ್ಫ ಕರಗಿಸಲು ಒತ್ತುವ ಬಟನ್ ಇರುವಂಥದ್ದು. ಇದರ ವಿದ್ಯುತ್ ಮಂಡಲ ಎಷ್ಟು ಸರಳವೆಂದರೆ, ಪ್ಲಗ್ಗಿಗೆ ವಿದ್ಯುತ್ ಬಂದರೆ ಕಂಪ್ರೆಸರ್ ಓಡುತ್ತದೆ, ಹೋದರೆ ನಿಲ್ಲುತ್ತದೆ, ನಡುವೆ ಬೇರೆ ಯಾರ ಬುದ್ಧಿವಂತಿಕೆಯೂ ಇರುವುದಿಲ್ಲ. ಹೊರಗಿನ ನಿಯಂತ್ರಕಕ್ಕೆ ಬೇಕಾದದ್ದೂ ಇಂಥ ವಿಧೇಯ ಯಂತ್ರವೇ. ಗಾಜಿನ ತಟ್ಟೆಗಳನ್ನು ತೆಗೆದರೆ 10 ಲೀಟರಿನ ಎರಡು ಜಾಡಿಗಳಿಗೆ ಜಾಗ ಸಿಗುತ್ತದೆ. ಹಿಂದೆ ಕೆಳಗೆ ಕಂಪ್ರೆಸರಿಗಾಗಿ ಉಬ್ಬಿದ ಭಾಗ ಇರುವುದರಿಂದ ಮುಂದಿನ ಅರ್ಧದಲ್ಲಿ ಸಮತಟ್ಟಾದ ಹಲಗೆ ಹಾಕಿಕೊಳ್ಳಬೇಕಾಗಬಹುದು. ತೊಂದರೆ ಎಂದರೆ ಫ್ಯಾನ್ ಇಲ್ಲದ ಕಾರಣ ಮೇಲೆ ಒಂದು ಉಷ್ಣತೆ, ಕೆಳಗೆ ಇನ್ನೊಂದು ಇರುತ್ತದೆ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದನ್ನು ಅಡಾಪ್ಟರಿಗೆ ಕೂಡಿಸಿ ಒಳಗೆ ಇಟ್ಟರೆ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಯುತ್ತದೆ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಈ ಕೆಲಸಕ್ಕೆ ಬೇಡ ಎನ್ನುತ್ತೇನೆ. ಅದರಲ್ಲಿ ಚಳಿ ಹುಟ್ಟುವುದು ಮೇಲಿನ ಫ್ರೀಜರಿನ ಹಿಂದೆ. ಫ್ಯಾನು ಅದನ್ನು ಒಂದು ಸಣ್ಣ ಕಿಂಡಿಯ ಮೂಲಕ ಕೆಳಕ್ಕೆ ತಳ್ಳುತ್ತದೆ. ಹೊರಗಿನ ನಿಯಂತ್ರಕ ವಿದ್ಯುತ್ತನ್ನು ಕಡಿದಾಗಲೆಲ್ಲ ಆ ಫ್ಯಾನೂ ನಿಲ್ಲುತ್ತದೆ, ಬರ್ಫ ಕರಗಿಸುವ ಟೈಮರಿನ ಲೆಕ್ಕವೂ ಅಲ್ಲಿಗೆ ನಿಲ್ಲುತ್ತದೆ. ಹೀಗಾಗಿ ನಿಯಂತ್ರಕ ತಂಪು ಬೇಕೆಂದು ಕರೆದ ಹೊತ್ತಿನಲ್ಲಿ ಫ್ರಿಜ್ಜು ಬರ್ಫ ಕರಗಿಸುವ ಸರದಿಯಲ್ಲಿದ್ದು ಕಂಪ್ರೆಸರ್ ಓಡದೆಯೇ ಇರಬಹುದು. ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರಿನ ಹೊಸ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡು ತಾನೇ ಯಜಮಾನನಾಗಿರುತ್ತದೆ. ದಿನಕ್ಕೆ ಹತ್ತಾರು ಸಲ ವಿದ್ಯುತ್ ಕಡಿದು ಕೊಡುವುದು ಅದಕ್ಕೆ ಹಿತವಲ್ಲ, ಬೋರ್ಡು ಕೆಟ್ಟರೆ ದುರಸ್ತಿಯ ಖರ್ಚು ಹಳೆಯ ಸಾದಾ ಫ್ರಿಜ್ಜಿನ ಬೆಲೆಯನ್ನೇ ಮೀರಬಹುದು.

ಡೀಪ್ ಫ್ರೀಜರಿನ ಗುಣ ಬೇರೆ. ಮೇಲಿನಿಂದ ಮುಚ್ಚಳ ತೆಗೆದರೆ ತಂಪು ಗಾಳಿ ಭಾರವಾದ್ದರಿಂದ ಒಳಗೇ ಕುಳಿತಿರುತ್ತದೆ, ಗೋಡೆಗಳು ದಪ್ಪವಾಗಿರುತ್ತವೆ, ಕರೆಂಟ್ ಹೋದರೂ ಒಳಗಿನ ಉಷ್ಣತೆ ತಾಸುಗಟ್ಟಲೆ ಅಲುಗುವುದಿಲ್ಲ. ಹೋಟೆಲಿಗೆ ಹಿಟ್ಟು ಕೊಡುವವರು, 20 ಲೀಟರಿನ ಎರಡು ಮೂರು ಪಾತ್ರೆ ಇಡುವವರು ಇದನ್ನು ಯೋಚಿಸಬೇಕು. ಆದರೆ ತುಂಬಿದ 20 ಲೀಟರಿನ ಪಾತ್ರೆಯನ್ನು ಸೊಂಟದ ಎತ್ತರದ ಅಂಚು ದಾಟಿಸಿ ಒಳಗಿಳಿಸುವುದು ಒಬ್ಬರ ಕೆಲಸವಲ್ಲ, ಸೊಂಟ ಹಿಡಿದವರ ಕೆಲಸವಂತೂ ಅಲ್ಲವೇ ಅಲ್ಲ. ತಳದಲ್ಲಿ ನೀರು ನಿಲ್ಲುತ್ತದೆ, ಎರಡು ದಿನ ಒರೆಸದಿದ್ದರೆ ಬೂಷ್ಟು ಹಿಡಿಯುತ್ತದೆ. ಗ್ಯಾಸಿನ ಕೊಳವೆಗಳು ಗೋಡೆಯೊಳಗೇ ಸುತ್ತಿರುವುದರಿಂದ ವೈರ್ ತೂರಿಸಲು ಎಲ್ಲಿಯೂ ರಂಧ್ರ ಕೊರೆಯುವಂತಿಲ್ಲ.

ಗಾಜಿನ ಬಾಗಿಲಿನ ಕೂಲರಿನಲ್ಲಿ ಫ್ಯಾನ್ ಇರುವುದರಿಂದ ಮೇಲೆ ಕೆಳಗೆ ಉಷ್ಣತೆ ಸಮನಾಗಿರುತ್ತದೆ, ಬಾಗಿಲು ತೆಗೆಯದೆ ಜಾಡಿ ನೋಡಬಹುದು. ಗಾಜಿನ ಮೂಲಕ ಶಾಖ ಒಳನುಗ್ಗುವುದು, ಬೆಳಕು ಬೀಳುವುದು, ಓಡುವಾಗ ಅಂಗಡಿಯಂತೆಯೇ ಸದ್ದು ಮಾಡುವುದು ಅದರ ದೋಷಗಳು. ಮನೆಯ ಹಿತ್ತಿಲ ಕೋಣೆಯಲ್ಲಿ ಇಡುವುದಾದರೆ ತೊಂದರೆಯಿಲ್ಲ.

ಹಳೆಯದನ್ನು ಪರೀಕ್ಷಿಸುವ ಬಗೆ

ಮಾರುವವರ ಮಾತಿಗಿಂತ ಫ್ರೀಜರ್ ತಟ್ಟೆಯನ್ನು ನಂಬಬೇಕು. ಫ್ರಿಜ್ಜನ್ನು ಅರ್ಧ ತಾಸು ಓಡಿಸಿ ತಟ್ಟೆಯ ಮೇಲೆ ಕೈಯಾಡಿಸಿದರೆ ಎಲ್ಲೆಡೆ ಸಮನಾಗಿ ಮಂಜು ಕೂತಿರಬೇಕು. ಒಂದೇ ಮೂಲೆಯಲ್ಲಿ ಮಂಜು ಕೂತು ಉಳಿದದ್ದು ಬರಿಯ ತೇವವಾಗಿದ್ದರೆ ಗ್ಯಾಸ್ ಕಡಿಮೆಯಾಗಿದೆ ಎಂದು ತಿಳಿಯಬೇಕು. ಬಾಗಿಲಿನ ರಬ್ಬರಿನ ನಡುವೆ ಒಂದು ನೋಟನ್ನಿಟ್ಟು ಮುಚ್ಚಿ ಎಳೆದಾಗ ಅದು ಬಿಗಿಯಾಗಿ ಬರಬೇಕು, ಜಾರಿ ಬಂದರೆ ರಬ್ಬರ್ ಸತ್ತಿದೆ. ರಬ್ಬರ್ ಬದಲಿಸುವುದು ಸಣ್ಣ ಖರ್ಚು, ಗ್ಯಾಸ್ ಸೋರುವ ಜಾಗ ಹುಡುಕುವುದು ಸಣ್ಣ ಖರ್ಚಲ್ಲ. ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿದ ಬಳಿಕವೇ ಚಾಲೂ ಮಾಡಬೇಕು. ಹೊಸ ಸಾದಾ ಫ್ರಿಜ್ಜಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಕೊಡುವುದು ನನಗೆ ಸರಿಕಾಣುವುದಿಲ್ಲ. ಬಹಳ ಹಳೆಯ ಫ್ರಿಜ್ಜುಗಳಲ್ಲಿ ಹೊರಗಿನಿಂದ ಚಿಲಕದಂತೆ ಬೀಳುವ ಹಿಡಿಕೆ ಇದ್ದರೆ ಅದನ್ನು ಮೊದಲು ಕಿತ್ತು ಹಾಕಬೇಕು. ಒಳಗೆ ಸಿಕ್ಕಿಕೊಂಡ ಮಗು ಅದನ್ನು ತೆರೆಯಲಾರದು.

ಬೆನ್ನಿನ ಮೇಲಿನ ಚೀಟಿಯಲ್ಲಿ ಗ್ಯಾಸಿನ ಹೆಸರನ್ನು ಓದಬೇಕು. ಆರ್ 134ಎ ಇದ್ದರೆ ಉರಿಯುವ ಭಯವಿಲ್ಲ. ಆರ್ 600ಎ ಎಂದರೆ ಐಸೋಬ್ಯುಟೇನ್, ಅದು ಉರಿಯುವ ಅನಿಲ. ಅಂಥ ಫ್ರಿಜ್ಜಿನೊಳಗೆ ರಂಧ್ರ ಕೊರೆಯುವ ಸಾಹಸವನ್ನಾಗಲಿ, ಕಿಡಿ ಹಾರುವ ಸ್ವಿಚ್ಚನ್ನು ಒಳಗಿಡುವುದನ್ನಾಗಲಿ ಮಾಡಬಾರದು. ನಿಜಕ್ಕೂ ಯಾವ ಫ್ರಿಜ್ಜಿಗೂ ರಂಧ್ರದ ಅಗತ್ಯವಿಲ್ಲ. ಹಿಂದೆ ಕಪ್ಪು ಜಾಲರಿ ಕಾಣದ ಫ್ರಿಜ್ಜುಗಳಲ್ಲಿ ಬಿಸಿ ಕೊಳವೆಗಳು ಪಕ್ಕದ ಗೋಡೆಯೊಳಗೆ ಅಡಗಿರುತ್ತವೆ, ನಿಯಂತ್ರಕಕ್ಕೆ ಉಷ್ಣತೆ ತಿಳಿಸುವ ಸೆನ್ಸರಿನ ಸಣ್ಣ ವೈರ್ ಬಾಗಿಲಿನ ರಬ್ಬರಿನ ಅಡಿಯಿಂದಲೇ ಸಲೀಸಾಗಿ ಹಾಯುತ್ತದೆ.

ನಿಯಂತ್ರಕಗಳ ಹೋಲಿಕೆ

ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಡಬ್ಲ್ಯು 1209 ಎಂಬ 12 ವೋಲ್ಟಿನ ಬರಿಯ ಬೋರ್ಡು. ಅದರಲ್ಲಿ ಒಂದೇ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಇರುವುದರಿಂದ ತಂಪು ಅಥವಾ ಬಿಸಿ ಎರಡರಲ್ಲೊಂದನ್ನೇ ಮಾಡುತ್ತದೆ, ಮೇಲಾಗಿ ಮನೆಯ 230 ವೋಲ್ಟ್ ಹರಿಯುವ ಬೆಸುಗೆಗಳು ಬೋರ್ಡಿನ ಅಡಿಯಲ್ಲಿ ತೆರೆದುಕೊಂಡಿರುತ್ತವೆ. ಒದ್ದೆ ಕೈಯಿಂದ ಕೆಲಸ ಮಾಡುವ ಅಡುಗೆಮನೆಗೆ ಅದು ಸಲ್ಲದು.

ನಾನು ಬಳಸುವುದು ಎಸ್‌ಟಿಸಿ 1000. ಮೈನಸ್ 50ರಿಂದ 99 ಡಿಗ್ರಿಯವರೆಗೆ ಅಳೆಯುವ, 10 ಆಂಪಿಯರ್ ತಾಳುವ ಎರಡು ರಿಲೇಗಳಿರುವ ಈ ಚಿಕ್ಕ ಪೆಟ್ಟಿಗೆಯ ಬೆನ್ನಿಗೆ ಎಂಟು ತಿರುಪುಗಳಿವೆ. ಒಂದು ಮತ್ತು ಎರಡಕ್ಕೆ ವಿದ್ಯುತ್, ಮೂರು ಮತ್ತು ನಾಲ್ಕಕ್ಕೆ ಸೆನ್ಸರ್, ಐದು ಮತ್ತು ಆರಕ್ಕೆ ಬಿಸಿ, ಏಳು ಮತ್ತು ಎಂಟಕ್ಕೆ ತಂಪು. ಹೊಸಬರು ಎಡವುವ ಸಂಗತಿಯೊಂದಿದೆ: ಐದರಿಂದ ಎಂಟರವರೆಗಿನ ತಿರುಪುಗಳು ತಾವಾಗಿ ವಿದ್ಯುತ್ ಕೊಡುವುದಿಲ್ಲ, ಅವು ಗೋಡೆಯ ಸ್ವಿಚ್ಚಿನಂತೆ ಕೂಡಿಸಿ ಬಿಡಿಸುತ್ತವೆ ಅಷ್ಟೇ, ಆದ್ದರಿಂದ ಒಂದನೆಯ ತಿರುಪಿಗೆ ಬಂದ ಫೇಸಿನಿಂದ ಐದಕ್ಕೂ ಏಳಕ್ಕೂ ತುಂಡು ವೈರ್ ಹಾಯಿಸಬೇಕು. ಎರಡು ಸಾಕೆಟ್ಟುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದನ್ನು ಕೂಡಿಸಿ, ಅರ್ಥಿಂಗ್ ವೈರನ್ನು ಎರಡೂ ಸಾಕೆಟ್ಟಿಗೆ ತಪ್ಪದೆ ಒಯ್ಯಬೇಕು. ಈ ಕೆಲಸ ಬಲ್ಲ ಇಲೆಕ್ಟ್ರಿಷಿಯನ್ ಒಬ್ಬರಿಂದಲೇ ಇದನ್ನು ಮಾಡಿಸುವುದು ಲೇಸು. ಕೊಳ್ಳುವಾಗ 220 ವೋಲ್ಟಿನದೇ ಎಂದು ನೋಡಿಕೊಳ್ಳಬೇಕು, 12 ಮತ್ತು 24 ವೋಲ್ಟಿನವೂ ಅದೇ ಮುಖದಲ್ಲಿ ಬರುತ್ತವೆ.

ಇಂಕ್‌ಬರ್ಡ್ ಐಟಿಸಿ 308ರಂಥ ನಿಯಂತ್ರಕಗಳಲ್ಲಿ ಈ ವೈರಿಂಗಿನ ರಗಳೆಯೇ ಇಲ್ಲ; ಎರಡು ಸಾಕೆಟ್ಟುಗಳು ಸಿದ್ಧವಾಗಿರುತ್ತವೆ, ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಹೀಟರ್ ಚುಚ್ಚಿದರಾಯಿತು. ಬೆಲೆ ಕೆಲವು ಪಟ್ಟು ಹೆಚ್ಚು, ಪ್ಲಗ್ಗಿನ ಆಕಾರ ನಮ್ಮ ಗೋಡೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಮನೆಯಲ್ಲಿ ವಿದ್ಯುತ್ ಕೆಲಸ ಬಲ್ಲವರು ಯಾರೂ ಇಲ್ಲದಿದ್ದರೆ ಆ ಹೆಚ್ಚಿನ ಹಣ ದಂಡವಲ್ಲ.

ಯಾವುದನ್ನೇ ಕೊಂಡರೂ ಕಂಪ್ರೆಸರಿಗೆ ತಡೆಯವಧಿ ಇಡುವ ಸೌಲಭ್ಯ ಇರಲೇಬೇಕು. ನಿಂತ ಕಂಪ್ರೆಸರ್ ಕೂಡಲೇ ಮತ್ತೆ ಹೊರಟರೆ ಕೊಳವೆಯ ಎರಡೂ ಕಡೆಯ ಒತ್ತಡ ಇನ್ನೂ ಸಮವಾಗಿರುವುದಿಲ್ಲ, ಮೋಟಾರ್ ತಿರುಗಲಾರದೆ ಗುಂಯ್ ಎನ್ನುತ್ತ ಬಿಸಿಯಾಗುತ್ತದೆ. ಎಸ್‌ಟಿಸಿಯಲ್ಲಿ ಇದು ಎಫ್ 3 ಎಂಬ ಸೆಟ್ಟಿಂಗ್. ಅದನ್ನು 5 ನಿಮಿಷಕ್ಕೆ ಇಡುತ್ತೇನೆ. ಎಫ್ 1ರಲ್ಲಿ ಬೇಕಾದ ಉಷ್ಣತೆ, ಎಫ್ 2ರಲ್ಲಿ ಎಷ್ಟು ಡಿಗ್ರಿ ಆಚೀಚೆಯಾದರೆ ಎಚ್ಚರಗೊಳ್ಳಬೇಕು ಎಂಬುದು. ಕೊಂಬುಚಾಕ್ಕೆ 25 ಮತ್ತು 1 ಎಂದು ಇಟ್ಟರೆ ಸಾಕು, 0.3 ಎಂದು ಇಟ್ಟು ಕಂಪ್ರೆಸರನ್ನು ದಣಿಸುವುದರಿಂದ ರುಚಿಯೇನೂ ಹೆಚ್ಚುವುದಿಲ್ಲ. ನಮ್ಮ ಕಡೆ ಹೆಸ್ಕಾಂ ವಿದ್ಯುತ್ತು ಹೋಗಿ ಬರುವಾಗಲೂ ಇದೇ ತಡೆಯವಧಿ ಕಾಯುತ್ತದೆ; ವೋಲ್ಟೇಜು ಏರಿಳಿಯುವ ಊರಾದರೆ ಸ್ಟೆಬಿಲೈಜರ್ ಬೇರೆಯೇ ಬೇಕು.

ಸೆನ್ಸರ್ ಎಲ್ಲಿರಬೇಕು

ಇಷ್ಟೆಲ್ಲ ಆದ ಮೇಲೂ ಕೆಲಸ ಕೆಡುವುದು ಸೆನ್ಸರಿನಿಂದ. ಗಾಳಿಯಲ್ಲಿ ತೂಗುಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಅದು ಬೆಚ್ಚಿಬಿದ್ದು ಕಂಪ್ರೆಸರನ್ನು ಕರೆಯುತ್ತದೆ. ಜಾಡಿಯ ಹೊರಮೈಗೆ, ದ್ರವದ ಅರ್ಧ ಎತ್ತರದಲ್ಲಿ, ಹಚ್ಚಿ ಮೇಲೆ ಬೆರಳಿನಷ್ಟು ದಪ್ಪದ ಥರ್ಮೋಕೋಲ್ ತುಂಡನ್ನಿಟ್ಟು ಕಟ್ಟಿದರೆ ಅದು ಗಾಳಿಯನ್ನು ಮರೆತು ಚಹಾವನ್ನು ಅಳೆಯತೊಡಗುತ್ತದೆ.

ನನ್ನ ಪೆಟ್ಟಿಗೆಯ ಮೊದಲ ಬೇಸಿಗೆಯಲ್ಲಿ ನಾನು ಸೆನ್ಸರನ್ನು ಸಾದಾ ಸೆಲ್ಲೋಟೇಪಿನಿಂದ ಅಂಟಿಸಿದ್ದೆ. ಒಂದು ರಾತ್ರಿ ಅವ್ವ ಹಿಟ್ಟಿನ ಪಾತ್ರೆಯನ್ನು ಒಳಗಿಡುವಾಗ ತೇವಕ್ಕೆ ಸಡಿಲಾಗಿದ್ದ ಟೇಪು ಕಳಚಿ, ವೈರ್ ಬಾಗಿಲಿನ ಹೊರಗೆ ಜೋತುಬಿದ್ದಿತು. ಹೊರಗೆ 36 ಡಿಗ್ರಿ. ಒಳಗೂ 36 ಇದೆ ಎಂದುಕೊಂಡ ನಿಯಂತ್ರಕ ಬೆಳಗಿನವರೆಗೂ ಕಂಪ್ರೆಸರನ್ನು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಅವ್ವ ಹಿಟ್ಟಿನ ಮುಚ್ಚಳ ತೆಗೆದು, ಒಂದಿಷ್ಟೂ ಉಬ್ಬದ ತಣ್ಣನೆಯ ಹಿಟ್ಟಿನಲ್ಲಿ ಬೆರಳದ್ದಿ, “ಇದು ಮೊದಲಿನ ಫ್ರಿಜ್ಜೇ ಆತಲ್ಲೋ ತಮ್ಮಾ” ಎಂದಳು. ಅಂದಿನಿಂದ ಸೈಕಲ್ ಟ್ಯೂಬಿನ ಉಂಗುರವನ್ನು ಕತ್ತರಿಸಿ ಜಾಡಿಗೆ ತೊಡಿಸಿ ಅದರಡಿಯಲ್ಲಿ ಸೆನ್ಸರನ್ನು ಸಿಕ್ಕಿಸುತ್ತೇನೆ. ಮೂಲ ಥರ್ಮೋಸ್ಟಾಟನ್ನು ಅತಿ ತಂಪಿನ ಅಂಕಿಗೆ ತಿರುಗಿಸಬೇಕೆಂಬುದು ರೂಢಿಯ ಸಲಹೆಯಾದರೂ ನಾನು ಅದನ್ನು ಕಡಿಮೆ ಅಂಕಿಯಲ್ಲಿಯೇ ಬಿಟ್ಟಿದ್ದೇನೆ. 25 ಡಿಗ್ರಿಗೆ ಅಷ್ಟು ಚಳಿ ಸಾಕು, ಸೆನ್ಸರ್ ಮತ್ತೆ ಕೈಕೊಟ್ಟರೆ ಎರಡನೆಯ ಕಾವಲೂ ಆಗುತ್ತದೆ.

ಬಿಸಿಯ ಕಡೆ

ವಿಜಯಪುರದವರಿಗೆ ಬಿಸಿ ಬೇಕಾಗುವುದು ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಹಿಟ್ಟಿಗಾಗಿ ಮಾತ್ರ. ಬಾಗಲಕೋಟೆಯಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಬೆಳಗಾವಿಯಲ್ಲಿ ಜೂನಿನಿಂದ ಫೆಬ್ರವರಿಯವರೆಗೆ ಬಿಸಿಯ ಸಾಕೆಟ್ಟೇ ಹೆಚ್ಚು ದುಡಿಯುತ್ತದೆ. ಹಾಗಿರುವಾಗ ಬೆಳಗಾವಿಯವರು ಕಂಪ್ರೆಸರ್ ಸತ್ತ ಫ್ರಿಜ್ಜನ್ನು ಗುಜರಿ ಬೆಲೆಗೆ ತಂದು ಬರಿಯ ಬೆಚ್ಚನೆಯ ಪೆಟ್ಟಿಗೆಯಾಗಿ ಬಳಸಿದರೂ ವರ್ಷದ ಮುಕ್ಕಾಲು ಪಾಲು ಕೆಲಸ ನಡೆದೀತು. ಹೀಟರಾಗಿ 25 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ತಗಡಿನ ಡಬ್ಬಿಯೊಳಗೆ ಮರೆಮಾಡಿ ಇಡಬಹುದು. ಎಲ್‌ಇಡಿ ಬಲ್ಬಿನಿಂದ ಇಷ್ಟು ಶಾಖ ಸಿಗುವುದಿಲ್ಲ. ಅದಕ್ಕಿಂತ ಸಸಿ ಬೆಳೆಸಲು ಬಳಸುವ ತೆಳುವಾದ ಹೀಟಿಂಗ್ ಮ್ಯಾಟ್ ಸುರಕ್ಷಿತ, ಅದರ ಮೈ ಸುಡುವಷ್ಟು ಕಾಯುವುದಿಲ್ಲ. ಆರ್ 600ಎ ಫ್ರಿಜ್ಜಿಗೆ ಮ್ಯಾಟನ್ನೇ ಆರಿಸಬೇಕು.

ಪಾತ್ರೆಯ ವಿಷಯದಲ್ಲಿ ಗಾಜಿಗೆ ಬದಲಿಲ್ಲ. ಕೊಂಬುಚಾದ ಆಮ್ಲ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಮ್ ಮೂರನ್ನೂ ತಿನ್ನುತ್ತದೆ, ಉಪ್ಪಿನಕಾಯಿಯ ಹಳೆಯ ಭರಣಿಯ ಮೆರುಗಿನಲ್ಲಿ ಸೀಸ ಇದ್ದರೂ ಇರಬಹುದು. ಶುಂಠಿ ಪಾನೀಯವನ್ನು ಬಾಟಲಿಗೆ ತುಂಬಿ ನೊರೆ ಬರಿಸುವಾಗ ಮಾತ್ರ ಗಾಜು ಬೇಡ. ಒತ್ತಡ ಹೆಚ್ಚಿ ಒಡೆದರೆ ಚೂರುಗಳು ಪೆಟ್ಟಿಗೆಯ ತುಂಬ ಹರಡುತ್ತವೆ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ಒತ್ತಿದಾಗ ಕಲ್ಲಿನಂತಾಗಿದ್ದರೆ ಅದನ್ನು ಆ ಕ್ಷಣವೇ ಮನೆಯ ನಿಜವಾದ ಫ್ರಿಜ್ಜಿಗೆ ಸಾಗಿಸಬೇಕು. ಕೊಂಬುಚಾಕ್ಕೆ ಗಾಳಿ ಬೇಕಾದ್ದರಿಂದ ಬಟ್ಟೆ ಕಟ್ಟಿದ ಜಾಡಿಯನ್ನು ಇಟ್ಟು ದಿನಕ್ಕೊಮ್ಮೆ ಬಾಗಿಲು ತೆರೆಯಬೇಕು, ಆಗಲೇ ರಬ್ಬರಿನ ಮಡಿಕೆಗಳನ್ನು ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಬೂಷ್ಟು ಹತ್ತಿರ ಸುಳಿಯದು.

ಎಲ್ಲವನ್ನೂ ಕೂಡಿಸಿದ ಮೇಲೆ ಮೊದಲ ದಿನವೇ ಚಹಾ ಹಾಕಬಾರದು. ಜಾಡಿಗೆ ನಲ್ಲಿಯ ನೀರು ತುಂಬಿ, ಸೆನ್ಸರ್ ಕಟ್ಟಿ, ಒಳಗೊಂದು ಬೇರೆ ಥರ್ಮಾಮೀಟರನ್ನೂ ಮುಳುಗಿಸಿ, 24 ತಾಸು ಓಡಿಸಿ ಮೂರು ತಾಸಿಗೊಮ್ಮೆ ಎರಡೂ ಅಂಕಿಗಳನ್ನು ಬರೆದಿಡಬೇಕು. ಅಂತರ ಯಾವಾಗಲೂ ಒಂದೇ ಆಗಿದ್ದರೆ ಎಫ್ 4ರಲ್ಲಿ ಅಷ್ಟನ್ನು ಸರಿಪಡಿಸಿದರಾಯಿತು. ಅಂತರ ಏರಿಳಿಯುತ್ತಿದ್ದರೆ ಸೆನ್ಸರ್ ಇನ್ನೂ ಗಾಳಿಯನ್ನೇ ಅಳೆಯುತ್ತಿದೆ. ಬಿಚ್ಚಿ ಮತ್ತೆ ಕಟ್ಟಬೇಕು.